‘ಮ್ಮ’ ಅಲ್ಲ, ‘ವ್ವ’

ನಮ್ಮ ಅತ್ತೆಯವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗದು ಎಂಬುದು ಒಂದು ಕಾರಣ; ಬರೆಯಲು ಹೊರಟರೆ ಯಾವ ಹೆಸರನ್ನು ಬರೆಯಬೇಕು ಎಂಬ ತಕರಾರು ಏಳುತ್ತದೆ ಎಂಬುದು ಇನ್ನೊಂದು. ಅವರ ತವರಿನವರ ಬಾಯಲ್ಲಿ ಆ ಹೆಸರು ‘ವ್ವ’ ಎಂದು ಮುಗಿಯುತ್ತದೆ, ಮತದಾರರ ಪಟ್ಟಿಯಲ್ಲಿ ‘ಮ್ಮ’ ಎಂದು ಮುಗಿಯುತ್ತದೆ. ಹರಪನಹಳ್ಳಿ ತಾಲ್ಲೂಕಿನ ಹಳ್ಳಿಯಿಂದ ಹಳೇ ದಾವಣಗೆರೆಯ ಈ ಮನೆಗೆ ಅವರು ಸೊಸೆಯಾಗಿ ಬಂದ ಹೊಸದರಲ್ಲಿ ಹೆಸರು ಬರೆದುಕೊಳ್ಳಲು ಬಂದ ಯಾರೋ ಪುಣ್ಯಾತ್ಮರು, ಹಳ್ಳಿಯ ಹೆಣ್ಣುಮಗಳಿಗೆ ಸರಿಯಾಗಿ ಹೇಳಲು ಬಾರದು ಎಂದುಕೊಂಡರೋ, ತಮ್ಮ ಕಿವಿಗೆ ರೂಢಿಯಾದಂತೆ ಬರೆದುಕೊಂಡರೋ, ಅಂತೂ ಅವ್ವನನ್ನು ಅಮ್ಮನನ್ನಾಗಿ ಮಾಡಿ ಹೋದರು. ಇದು ದಾವಣಗೆರೆಯಲ್ಲಿ ಆಗಬಹುದಾದ ತಪ್ಪೇ. 1997ರಲ್ಲಿ ಈ ಜಿಲ್ಲೆಯನ್ನು ಮಾಡುವಾಗ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳನ್ನೂ, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿಗಳನ್ನೂ, ಬಳ್ಳಾರಿಯಿಂದ ಹರಪನಹಳ್ಳಿಯನ್ನೂ ತಂದು ಕೂಡಿಸಿದರು. ‘ವ್ವ’ ಎನ್ನುವವರೂ ‘ಮ್ಮ’ ಎನ್ನುವವರೂ ಒಂದೇ ಸಂತೆಯಲ್ಲಿ ಎದುರಾಗುವ ಊರು ಇದು.

ಮನೆಯಲ್ಲಿ ಅವರು ಎಲ್ಲರಿಗೂ ಅವ್ವ, ಓಣಿಯವರಿಗೆ ಅಜ್ಜಿ, ನೆಂಟರಿಗೆ ದೊಡ್ಡವ್ವ, ಆಸ್ಪತ್ರೆಯಲ್ಲಿ ಒಂದು ಟೋಕನ್ ನಂಬರು. ಮಾವನವರು ಬದುಕಿದ್ದಾಗಲೂ ಹೆಂಡತಿಯನ್ನು ಹೆಸರು ಹಿಡಿದು ಕೂಗಿದ್ದನ್ನು ನಾನು ಕೇಳಿದ್ದಿಲ್ಲ. ‘ಏ, ಇಲ್ನೋಡು’ ಎನ್ನುವುದರಲ್ಲಿಯೇ ಅವರ ಸಂಸಾರ ಸಾಗಿತು. ಹೀಗಿರುವ ಹೆಂಗಸನ್ನು ನಾಲ್ಕು ಜನರ ನಡುವೆ, ಗುರುತಿಲ್ಲದ ನೌಕರನೊಬ್ಬ, ಪೂರ್ತಿ ಹೆಸರು ಹಿಡಿದು ಗಟ್ಟಿಯಾಗಿ ಕರೆಯುವ ಒಂದೇ ಒಂದು ಸ್ಥಳವಿದೆಯೆಂದರೆ ಅದು ಮತಗಟ್ಟೆ. ಓಟು ಹಾಕಲು ಹೋಗುವುದೆಂದರೆ ಅತ್ತೆಗೆ ಮೊದಲಿನಿಂದಲೂ ಯಾಕೆ ಅಷ್ಟು ಉಮೇದು ಎಂಬುದು ನನಗೆ ಅರ್ಥವಾಗಲು ಇಪ್ಪತ್ತು ವರ್ಷಗಳೇ ಹಿಡಿದವು.

2023ರ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ದಾಟಿದವರು ಮನೆಯಲ್ಲಿಯೇ ಮತ ಹಾಕಬಹುದು ಎಂಬ ಸೌಲಭ್ಯವಿತ್ತು. ನಮ್ಮ ಓಣಿಯ ಅಂಗನವಾಡಿ ಟೀಚರ್ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೂಡ ಆಗಿದ್ದರಿಂದ ಅವರೇ 12ಡಿ ಫಾರಂ ಹಿಡಿದು ಮನೆಗೆ ಬಂದರು. ಅತ್ತೆಗೆ ಆಗ 82. ಚುನಾವಣೆಯ ಸಿಬ್ಬಂದಿ ಮನೆಗೆ ಬರುತ್ತಾರೆ, ರಟ್ಟಿನ ಮರೆ ಇಡುತ್ತಾರೆ, ವಿಡಿಯೋ ಮಾಡಿಕೊಳ್ಳುತ್ತಾರೆ, ನೀವು ಗುರುತು ಮಾಡಿದ ಚೀಟಿಯನ್ನು ಲಕೋಟೆಯಲ್ಲಿ ಹಾಕಿಕೊಂಡು ಹೋಗುತ್ತಾರೆ ಎಂದು ಟೀಚರ್ ವಿವರವಾಗಿ ಹೇಳಿದ್ದನ್ನೆಲ್ಲ ಅತ್ತೆ ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡು, “ಇದನ್ನ ತಗಂಡ್ರೆ ಬೂತಿಗೆ ಹೋಗಬಹುದಾ?” ಎಂದು ಒಂದೇ ಪ್ರಶ್ನೆ ಕೇಳಿದರು. ಹಾಗೆ ಬರುವುದಿಲ್ಲ, ಮನೆಯಿಂದ ಮತ ಹಾಕಲು ಒಪ್ಪಿದರೆ ಪಟ್ಟಿಯಲ್ಲಿ ಹೆಸರಿನ ಮುಂದೆ ‘ಪಿಬಿ’ (ಅಂಚೆ ಮತಪತ್ರ) ಎಂದು ಗುರುತು ಹಾಕಿಬಿಡುತ್ತಾರೆ, ಆಮೇಲೆ ಮತಗಟ್ಟೆಯಲ್ಲಿ ಅವಕಾಶವಿರುವುದಿಲ್ಲ ಎಂದು ಟೀಚರ್ ಹೇಳಿದ್ದೇ ತಡ, ಫಾರಂ ವಾಪಸ್ಸಾಯಿತು. ಮರುವರ್ಷ ಲೋಕಸಭಾ ಚುನಾವಣೆಯ ಹೊತ್ತಿಗೆ ಈ ಸೌಲಭ್ಯದ ವಯಸ್ಸನ್ನು 85ಕ್ಕೆ ಏರಿಸಿದ್ದರು. ಅದನ್ನು ತಿಳಿಸಿದಾಗ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. “ಹೋದ ವರ್ಷ ಮುದುಕಿ ಆಗಿದ್ನಂತೆ, ಈ ವರ್ಷ ಅಲ್ಲಂತೆ.”

2024ರ ಮೇ 7, ಮಂಗಳವಾರ. ದಾವಣಗೆರೆಯ ಮೇ ತಿಂಗಳ ಬಿಸಿಲನ್ನು ಬಲ್ಲವರು ಯಾರೂ ಹತ್ತು ಗಂಟೆಯ ಮೇಲೆ ಸಾಲಿನಲ್ಲಿ ನಿಲ್ಲುವ ಧೈರ್ಯ ಮಾಡುವುದಿಲ್ಲವಾದ್ದರಿಂದ ಬೆಳಿಗ್ಗೆ ಏಳಕ್ಕೇ ಶಾಲೆಯ ಗೇಟಿನ ಹತ್ತಿರ ಇರಬೇಕೆಂದು ಹಿಂದಿನ ರಾತ್ರಿಯೇ ತೀರ್ಮಾನವಾಗಿತ್ತು. ಅತ್ತೆ ಐದೂವರೆಗೆ ತಲೆಗೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು, ಬಿಎಲ್‌ಒ ಕೊಟ್ಟುಹೋಗಿದ್ದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆಯ ಸಂಚಿಯೊಳಗೆ ಇಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ಆ ಚೀಟಿ ಭಾಗದ ಸಂಖ್ಯೆ, ಕ್ರಮಸಂಖ್ಯೆ, ಮತಗಟ್ಟೆ ತಿಳಿಯುವುದಕ್ಕಷ್ಟೇ ಆಗುತ್ತದೆ, ಗುರುತಿನ ದಾಖಲೆಯೆಂದು ನಡೆಯುವುದಿಲ್ಲ, ಕಾರ್ಡನ್ನೂ ತನ್ನಿ ಎಂದು ನಾನು ಎರಡು ಬಾರಿ ಹೇಳಬೇಕಾಯಿತು. ನಮ್ಮ ಮನೆಯವರು ಮಾತ್ರ “ಜನ ಕಡಿಮೆ ಆಗಲಿ, ಆಮೇಲೆ ಹೋಗ್ತೀನಿ” ಎಂದು ಮಗ್ಗುಲು ಬದಲಿಸಿದರು. ಸಂಜೆ ಆರಕ್ಕೆ ಐದು ನಿಮಿಷವಿದ್ದಾಗ ಓಡಿಹೋಗಿ, ಸಾಲಿನ ಕಡೆಯವರಿಂದ ಮುಂದಕ್ಕೆ ನಂಬರು ಹಾಕಿದ ಚೀಟಿ ಹಂಚುತ್ತಾರಲ್ಲ, ಅದರಲ್ಲಿ ಒಂದನೆಯ ನಂಬರಿನ ಚೀಟಿಯನ್ನು ಪಡೆದು, ಎಂದರೆ ಎಲ್ಲರಿಗಿಂತ ಹಿಂದೆ ನಿಂತು, ಏಳು ಗಂಟೆಗೆ ಮನೆಗೆ ಬಂದರು.

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ನೀರಿನ ಕ್ಯಾನ್ ಇಟ್ಟಿದ್ದರು. ಗಾಲಿಕುರ್ಚಿ ಹಿಡಿದು ನಿಂತಿದ್ದ ಸ್ವಯಂಸೇವಕ ಹುಡುಗ ಅತ್ತೆಯನ್ನು ಕಂಡದ್ದೇ ಉತ್ಸಾಹದಿಂದ ಓಡಿಬಂದ. ಅತ್ತೆ ಅದನ್ನೊಮ್ಮೆ, ಅವನನ್ನೊಮ್ಮೆ ನೋಡಿ, ನನ್ನ ಭುಜ ಹಿಡಿದು ಮೆಟ್ಟಿಲು ಹತ್ತಿದರು. ವಯಸ್ಸಾದವರನ್ನು ಸಾಲಿನಲ್ಲಿ ನಿಲ್ಲಿಸುವುದಿಲ್ಲವಾದ್ದರಿಂದ ಹೆಂಗಸರ ಸಾಲಿನವರೆಲ್ಲ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅವರ ಜೊತೆಗೆ ಬಂದವಳೆಂಬ ನೆಪದಲ್ಲಿ ನಾನೂ ನುಸುಳಿದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಮತಗಟ್ಟೆಯೊಳಗಿನ ಕ್ರಮ ಎಲ್ಲರಿಗೂ ತಿಳಿದದ್ದೇ ಆದರೂ, ಮೊದಲನೆಯ ಮತಗಟ್ಟೆ ಅಧಿಕಾರಿ ಹೆಸರನ್ನು ಯಾಕೆ ಕೂಗುತ್ತಾರೆ ಎಂಬುದನ್ನು ಬಹಳ ಮಂದಿ ಯೋಚಿಸಿರುವುದಿಲ್ಲ. ಆ ಕೂಗು ಮತದಾರರನ್ನು ಕರೆಯುವುದಕ್ಕಲ್ಲ, ಮತದಾರರು ಎದುರಿಗೇ ನಿಂತಿರುತ್ತಾರೆ. ಅದು ಗೋಡೆಯ ಪಕ್ಕ ಬೆಂಚಿನ ಮೇಲೆ ಪಟ್ಟಿ ಹಿಡಿದು ಕುಳಿತ ಪಕ್ಷಗಳ ಏಜೆಂಟರ ಕಿವಿಗೆ. ಅವರು ಅದೇ ಓಣಿಯವರಾಗಿರುತ್ತಾರೆ. ಬಂದವರು ಆ ಹೆಸರಿನವರು ಅಲ್ಲವೆಂದು ಅನುಮಾನ ಬಂದರೆ ಎರಡು ರೂಪಾಯಿ ಕಟ್ಟಿ ಅಲ್ಲಿಯೇ ಆಕ್ಷೇಪಿಸಬಹುದು. ಎರಡು ರೂಪಾಯಿಗೆ ಇವತ್ತು ಒಂದು ಮೆಣಸಿನಕಾಯಿ ಬಜ್ಜಿಯೂ ಬಾರದು, ಆದರೆ ಆ ಶುಲ್ಕ ಮಾತ್ರ ಹಾಗೆಯೇ ಉಳಿದಿದೆ. ಹೀಗಾಗಿ ಕೂಗಿದ ಹೆಸರು ಮೂರು ನಾಲ್ಕು ಪಟ್ಟಿಗಳಲ್ಲಿ ಒಟ್ಟಿಗೆ ಹುಡುಕಲ್ಪಟ್ಟು, ಯಾರೂ ತಕರಾರು ಎತ್ತದೆ ತಲೆಯಾಡಿಸಿದ ಮೇಲೆ ಅಧಿಕಾರಿಯ ಪ್ರತಿಯಲ್ಲಿ ಕೆಂಪು ಗೆರೆ ಬೀಳುತ್ತದೆ.

ಅಂದು ಕುಳಿತಿದ್ದವರು ಯಾವುದೋ ಪ್ರೌಢಶಾಲೆಯ ಮೇಷ್ಟ್ರಿರಬೇಕು, ಹಾಜರಿ ಕರೆದು ಪಳಗಿದ ಗಂಟಲು. ಕ್ರಮಸಂಖ್ಯೆ ಹೇಳಿ, ಅತ್ತೆಯ ಹೆಸರನ್ನು ಕೊಠಡಿಯ ಮೂಲೆಗೂ ಕೇಳುವಂತೆ ಕೂಗಿ, ಕೊನೆಯ ‘ಮ್ಮ’ವನ್ನು ಚೆನ್ನಾಗಿ ಒತ್ತಿದರು.

“ಮ್ಮ ಅಲ್ಲಪ್ಪಾ, ವ್ವ” ಎಂದರು ಅತ್ತೆ.

ಮೇಷ್ಟ್ರು ತಲೆಯೆತ್ತಿದರು. ಒಬ್ಬ ಏಜೆಂಟ್, ನಮ್ಮ ಓಣಿಯ ಕಿರಾಣಿ ಅಂಗಡಿಯ ಹುಡುಗ, “ಸರ್, ನಮ್ಮಜ್ಜಿನೇ, ಪ್ರತಿ ಸಲ ಹಿಂಗೇ ಅಂತಾರೆ” ಎಂದ. ಉಳಿದವರು ನಕ್ಕರು. ಮೇಷ್ಟ್ರು ಕಾರ್ಡನ್ನೂ ಪಟ್ಟಿಯನ್ನೂ ಹೋಲಿಸಿ ನೋಡಿ, ಎರಡರಲ್ಲಿಯೂ ‘ಮ್ಮ’ ಇರುವುದನ್ನು ಖಾತ್ರಿ ಮಾಡಿಕೊಂಡು, ರೂಢಿಯಂತೆ “ಯಜಮಾನರ ಹೆಸರೇನಮ್ಮಾ?” ಎಂದು ಕೇಳಿದರು. ಅದು ಇನ್ನೊಂದು ಗಂಡಾಂತರ. ಅತ್ತೆ ಗಂಡನ ಹೆಸರನ್ನು ಬಾಯಲ್ಲಿ ಹೇಳುವವರಲ್ಲ. ಮದುವೆ ಮನೆಯಲ್ಲಿ ಬಾಗಿಲು ತಡೆದು ನಿಲ್ಲಿಸಿದರೆ ಒಡಪಿನಲ್ಲಿ ಸುತ್ತಿಬಳಸಿ ಹೇಳಿಯಾರು, ಮತಗಟ್ಟೆಯಲ್ಲಿ ಒಡಪು ಹೇಳುವುದಕ್ಕೆ ಹೊತ್ತಿಲ್ಲ. “ಬರದೈತಲ್ಲಪ್ಪಾ, ನೀನೇ ಓದ್ಕೋ” ಎಂದರು. ಅವರು ಓದಿಕೊಂಡರು.

ಇದನ್ನು ನೆನೆದಾಗಲೆಲ್ಲ ದೇಶದ ಮೊದಲನೆಯ ಸಾರ್ವತ್ರಿಕ ಚುನಾವಣೆಯ ಒಂದು ಸಂಗತಿ ಕಣ್ಣ ಮುಂದೆ ಬರುತ್ತದೆ. 1951–52ರ ಆ ಚುನಾವಣೆಗೆ ಪಟ್ಟಿ ತಯಾರಿಸುವಾಗ ಉತ್ತರದ ಅನೇಕ ಪ್ರಾಂತ್ಯಗಳಲ್ಲಿ ಹೆಂಗಸರು ತಮ್ಮ ಹೆಸರನ್ನು ಪರಗಂಡಸರ ಮುಂದೆ ಹೇಳಲು ಒಪ್ಪದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರಂತೆ. ಮೊದಲ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅವರು ಸ್ವಂತ ಹೆಸರಿಲ್ಲದ ನೋಂದಣಿ ನಡೆಯದು ಎಂದು ಪಟ್ಟುಹಿಡಿದರು. ತಿದ್ದಿಸಿಕೊಳ್ಳಲು ಕಾಲಾವಕಾಶ ಕೊಟ್ಟ ಮೇಲೆಯೂ ಹೆಸರು ಹೇಳದೆ ಉಳಿದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಬಿಡಲಾಯಿತು. ಸೇನ್ ಅವರ ನಿಲುವು ನಿಷ್ಠುರವಾಯಿತೆಂದು ನನಗೆ ಒಂದು ಕಾಲಕ್ಕೆ ಅನ್ನಿಸುತ್ತಿತ್ತು. ಆದರೆ ಗಂಡನ ಹೆಸರನ್ನು ಇಂದಿಗೂ ಹೇಳದ ಅತ್ತೆ ತಮ್ಮ ಹೆಸರಿನ ಒಂದು ಒತ್ತಕ್ಷರಕ್ಕಾಗಿ ಮತಗಟ್ಟೆಯಲ್ಲಿ ತಕರಾರು ತೆಗೆಯುವುದನ್ನು ನೋಡಿದ ಮೇಲೆ, ಸೇನ್ ಅವರು ಹಿಡಿದ ಹಟ ಸರಿಯೇ ಇತ್ತೆಂದು ತೋರುತ್ತದೆ.

ಎರಡನೆಯ ಮೇಜಿನಲ್ಲಿ ಶಾಯಿ. ಅತ್ತೆಯ ಬೆರಳಿಗೆ ಬೆಳಗಿನ ಹರಳೆಣ್ಣೆಯ ಜಿಡ್ಡು ಇನ್ನೂ ಇತ್ತು. ಅಲ್ಲಿದ್ದ ಹೆಣ್ಣುಮಗಳು ಬಟ್ಟೆಯ ಚೂರಿನಿಂದ ಅದನ್ನು ಒರೆಸಿ, ಎಡಗೈಯ ತೋರುಬೆರಳಿನ ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆ ಎಳೆದಳು. ಆಮೇಲೆ ರಿಜಿಸ್ಟರನ್ನು ಮುಂದೆ ತಳ್ಳಿ, ವಯಸ್ಸನ್ನು ಕಂಡು ತಾನಾಗಿಯೇ ಹೆಬ್ಬೆಟ್ಟಿನ ಪ್ಯಾಡನ್ನೂ ಮುಚ್ಚಳ ತೆಗೆದು ಇಟ್ಟಳು. ಅತ್ತೆ ಪ್ಯಾಡನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. ಅವರಿಗೆ ಸಹಿ ಬರುತ್ತದೆ. ನನ್ನ ಮಗಳು ಮೂರನೆಯ ತರಗತಿಯಲ್ಲಿದ್ದಾಗ ಅಜ್ಜಿಗೆ ಪಾಟಿಯ ಮೇಲೆ ತಿದ್ದಿಸಿ ಕಲಿಸಿದ್ದು. ಪೆನ್ನನ್ನು ಒನಕೆ ಹಿಡಿದಂತೆ ಬಿಗಿಯಾಗಿ ಹಿಡಿದು, ಒಂದು ಅಕ್ಷರ ಬರೆದು, ಅದನ್ನು ನೋಡಿ, ಇನ್ನೊಂದು ಅಕ್ಷರಕ್ಕೆ ಹೋಗುತ್ತಾ ಅವರು ಸಹಿ ಮುಗಿಸುವಷ್ಟರಲ್ಲಿ ಬಾಗಿಲ ಹೊರಗೆ ಸಾಲು ಗುಜುಗುಜು ಎನ್ನಲು ಆರಂಭಿಸಿತ್ತು. ನಾನು ಬಗ್ಗಿ ನೋಡಿದೆ. ಕೊನೆಯ ಅಕ್ಷರ ‘ವ’, ಅದರ ಕೆಳಗೆ ಕಷ್ಟಪಟ್ಟು ಎಳೆದ ಇನ್ನೊಂದು ‘ವ’ದ ಒತ್ತು. ಪಟ್ಟಿಯಲ್ಲಿ ಏನೇ ಇರಲಿ, ಆ ದಿನದ ಮತದಾರರ ರಿಜಿಸ್ಟರಿನಲ್ಲಿ ಅವರ ಹೆಸರು ಸರಿಯಾಗಿದೆ.

ಯಂತ್ರದ ಬಳಿಗೆ ಅವರು ಒಬ್ಬರೇ ಹೋದರು. ದಾವಣಗೆರೆ ಕ್ಷೇತ್ರದಲ್ಲಿ ಆ ಬಾರಿ 30 ಮಂದಿ ಕಣದಲ್ಲಿದ್ದರು. ಒಂದು ಬ್ಯಾಲೆಟ್ ಯೂನಿಟ್ಟಿನಲ್ಲಿ ಹಿಡಿಯುವುದು 16 ಹೆಸರುಗಳಾದ್ದರಿಂದ, ನೋಟಾವನ್ನೂ ಸೇರಿಸಿ ಎರಡು ಯೂನಿಟ್ಟುಗಳನ್ನು ಅಕ್ಕಪಕ್ಕ ಇಟ್ಟಿದ್ದರು. ರಟ್ಟಿನ ಮರೆಯ ಹಿಂದೆ ಅತ್ತೆಯ ತಲೆ ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ ಹೊರಳುವುದು ಕಾಣುತ್ತಿತ್ತು. ಪ್ರಿಸೈಡಿಂಗ್ ಆಫೀಸರ್ ಕುಳಿತಲ್ಲಿಂದಲೇ, “ಅಜ್ಜಿ, ಗೊತ್ತಾಗದಿದ್ದರೆ ಈಚೆ ಬನ್ನಿ, ರಟ್ಟಿನ ಮಾದರಿಯಲ್ಲಿ ತೋರಿಸ್ತೀನಿ” ಎಂದರು. “ಗೊತ್ತೈತಿ ತಡಿ” ಎಂಬ ಉತ್ತರ ಬಂತು. ಹಿಂದೆ ಕಾಗದದ ಕಾಲದಲ್ಲಿ ಸಿಕ್ಕಾ ಒತ್ತಿ, ಅದರ ಮಸಿ ಬೇರೆ ಗುರುತಿಗೆ ತಾಗದಂತೆ ಮೊದಲು ಉದ್ದಕ್ಕೆ ಮಡಿಸಬೇಕೆಂದು ಸ್ವತಃ ನನಗೆ ಕಲಿಸಿಕೊಟ್ಟವರು ಅವರು. ಗಾಬರಿ ನನಗಿತ್ತೇ ಹೊರತು ಅವರಿಗಿರಲಿಲ್ಲ. ಕೊನೆಗೆ ಉದ್ದನೆಯ ಬೀಪ್ ಬಂತು. ಬಂದ ಮೇಲೂ ಅವರು ಅಲ್ಲಾಡಲಿಲ್ಲ. ಒತ್ತಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟಿನ ಕಿಂಡಿಯಲ್ಲಿ ಏಳು ಸೆಕೆಂಡು ಕಂಡು ಕೆಳಗೆ ಬೀಳುವ ಚೀಟಿಯನ್ನು ನೋಡಿ, ಅದು ಕೈಗೆ ಬರುತ್ತದೆಂದು ಕಾಯುತ್ತಿದ್ದರಂತೆ. “ಅಂಗಡ್ಯಾಗ ಕೊಟ್ಟಂಗೆ ಚೀಟಿ ಕೊಡ್ತಾರೆ ಅನ್ಕಂಡೆ” ಎಂದು ಹೊರಗೆ ಬಂದು ಹೇಳಿದರು. ಯಾರಿಗೆ ಒತ್ತಿದರೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಮೂರು ಓಟುಗಳಿವೆ, ಬಹುಶಃ ಮೂರು ದಿಕ್ಕಿಗೆ ಹೋಗುತ್ತವೆ.

ಆಮೇಲೆ ನನ್ನ ಸರದಿ. ಮೇಷ್ಟ್ರು ನನ್ನ ಹೆಸರು ಕೂಗಿದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೆ ಹಿಂದಿನ ವರ್ಷದ ಕಥೆ ಹೇಳಬೇಕು.

2023ರ ಮೇ 10ರಂದು ಇದೇ ಶಾಲೆಯಲ್ಲಿ, ಇದೇ ರೀತಿ ಅತ್ತೆಯ ಹಿಂದೆ ನಿಂತು ನಾನು ಕಾರ್ಡನ್ನು ಮುಂದೆ ಹಿಡಿದಿದ್ದೆ. ಅಂದಿನ ಅಧಿಕಾರಿ ಪಟ್ಟಿಯಲ್ಲಿ ಬೆರಳಾಡಿಸಿ, ಹಾಳೆ ತಿರುವಿ, ಮತ್ತೆ ಹಿಂದಕ್ಕೆ ಬಂದು, ಹೆಸರನ್ನು ಕೂಗಲೇ ಇಲ್ಲ. ಮೆಲ್ಲಗೆ, “ನಿಮ್ಮ ಹೆಸರು ಇಲ್ಲಮ್ಮ” ಎಂದರು. ಕಾರ್ಡಿನಲ್ಲಿ ನನ್ನ ಫೋಟೋ ಇದೆ, ಹಿಂದೆ ಎಷ್ಟೋ ಬಾರಿ ಇಲ್ಲಿಯೇ ಮತ ಹಾಕಿದ್ದೇನೆ, ಏಜೆಂಟರೆಲ್ಲ ನನ್ನನ್ನು ಬಲ್ಲರು ಎಂದೆ. ಪಟ್ಟಿಯಲ್ಲಿ ಹೆಸರಿಲ್ಲದ ಮೇಲೆ ಕಾರ್ಡಿಗೆ ಬೆಲೆಯಿಲ್ಲವೆಂದು ಅವರು ಸಮಾಧಾನದಿಂದಲೇ ತಿಳಿಸಿದರು. ಎಲ್ಲೋ ಓದಿದ ನೆನಪಿನಿಂದ, ಟೆಂಡರ್ ಮತ ಎಂದು ಬೇರೆ ಚೀಟಿ ಕೊಡುತ್ತಾರಲ್ಲ, ಅದನ್ನಾದರೂ ಕೊಡಿ ಎಂದು ವಾದಿಸಿದೆ. ಅದು ಪಟ್ಟಿಯಲ್ಲಿ ಹೆಸರಿದ್ದು, ಆ ಹೆಸರಿನಲ್ಲಿ ಬೇರೆ ಯಾರೋ ಆಗಲೇ ಮತ ಹಾಕಿ ಹೋಗಿದ್ದರೆ ಮಾತ್ರ ಸಿಗುವುದು. ನನ್ನ ಓಟನ್ನು ಕದಿಯುವುದಕ್ಕೂ ಅಲ್ಲಿ ಹೆಸರೇ ಇರಲಿಲ್ಲ.

ಆದದ್ದು ಇಷ್ಟು. ಚಿತ್ರದುರ್ಗದಲ್ಲಿ ನನ್ನ ತಾಯಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನಾನು ಮೂರು ತಿಂಗಳು ಅಲ್ಲಿಯೇ ಇದ್ದೆ. ಆ ಹೊತ್ತಿನಲ್ಲಿ ಮನೆ ಮನೆ ಪರಿಶೀಲನೆಗೆ ಬಂದವರಿಗೆ ನಮ್ಮ ಮನೆಯ ಬಾಗಿಲು ಹಾಕಿರುವುದು ಕಂಡಿದೆ. ಅಕ್ಕಪಕ್ಕದಲ್ಲಿ ವಿಚಾರಿಸಿದಾಗ, ಆಕೆ ಊರಿನಲ್ಲಿಲ್ಲ ಎಂದು ಯಾರೋ ಹೇಳಿದ್ದಾರೆ, ಹೇಳಿದ್ದು ಸುಳ್ಳೂ ಅಲ್ಲ. ಊರಿನಲ್ಲಿಲ್ಲ ಎಂಬುದು ಊರು ಬಿಟ್ಟಿದ್ದಾರೆ ಎಂದಾಯಿತು. ನೋಟಿಸು ಬಂದಿದ್ದರೂ ನಮ್ಮ ಕೈಗೆ ಸೇರಲಿಲ್ಲ. ಚುನಾವಣೆಗೆ ಮೊದಲು ಪಟ್ಟಿಯನ್ನು ಒಮ್ಮೆ ನೋಡಿದ್ದರೆ ಸಾಕಿತ್ತು, ನಾನು ನೋಡಲಿಲ್ಲ. ಎಪಿಎಂಸಿಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವಳು ನಾನು. ಖಾತೆಯಲ್ಲಿ ಹೆಸರಿಲ್ಲದ ರೈತನಿಗೆ ಮುಖ ನೋಡಿ ದುಡ್ಡು ಕೊಡುವುದಿಲ್ಲ ಎಂಬುದನ್ನು ದಿನವೂ ಮೆಕ್ಕೆಜೋಳದ ಚೀಲಗಳ ಮುಂದೆ ಹೇಳುವವಳು, ನನ್ನದೇ ಖಾತೆಯನ್ನು ತೆರೆದು ನೋಡಿರಲಿಲ್ಲ. ಆ ದಿನ ಶಾಲೆಯಿಂದ ಮನೆಗೆ ಬರುವಾಗ ಅತ್ತೆಯ ಬೆರಳಿಗೆ ಶಾಯಿ ಇತ್ತು, ನನ್ನ ಬೆರಳು ಹಾಗೆಯೇ ಇತ್ತು. ದಾರಿಯಲ್ಲಿ ಸಿಕ್ಕವರೆಲ್ಲ “ಓಟು ಆತಾ?” ಎಂದು ಕೇಳುತ್ತಿದ್ದರು. ನಾನು ಸೆರಗಿನಲ್ಲಿ ಕೈ ಮುಚ್ಚಿಕೊಂಡು “ಹ್ಞೂಂ” ಎಂದೆ. ಸುಳ್ಳು ಹೇಳಿದ್ದು ಯಾಕೆಂದು ಇಂದಿಗೂ ವಿವರಿಸಲಾರೆ, ಆದರೆ ತಪ್ಪು ನನ್ನದಲ್ಲವೆಂದು ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ಅದಾದ ಮೇಲೆ ಫಾರಂ 6 ತುಂಬಿ, ಹದಿನೆಂಟು ತುಂಬಿದ ಮಕ್ಕಳ ಜೊತೆ ಹೊಸ ಮತದಾರಳಂತೆ ನಾನು ಮತ್ತೆ ಸೇರಿಕೊಂಡೆ. ಆದ್ದರಿಂದಲೇ 2024ರಲ್ಲಿ ಮೇಷ್ಟ್ರು ಹೆಸರು ಕೂಗಿ, ಕಿರಾಣಿ ಅಂಗಡಿಯ ಹುಡುಗ ತನ್ನ ಪಟ್ಟಿಯಲ್ಲಿ ಟಿಕ್ ಹಾಕಿದಾಗ, ಮತ ಹಾಕುವ ಮೊದಲೇ ನನ್ನ ಅರ್ಧ ಕೆಲಸ ಮುಗಿದಂತೆನಿಸಿತು. ಉಳಿದದ್ದು ನೀಲಿ ಗುಂಡಿ, ಕೆಂಪು ದೀಪ, ಬೀಪ್.

ಮನೆಗೆ ಬಂದು ಒಗ್ಗರಣೆ ಮಂಡಕ್ಕಿ ಮಾಡಿದೆ. ಬೇಸಿಗೆ ರಜೆಗೆಂದು ಚಿತ್ರದುರ್ಗದಿಂದ ನನ್ನ ತಂಗಿ ಬಂದಿದ್ದಳು. ನಮ್ಮಿಬ್ಬರ ಊರುಗಳ ನಡುವೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿಯಾದರೂ ಚುನಾವಣಾ ಆಯೋಗದ ಲೆಕ್ಕದಲ್ಲಿ ಚಿತ್ರದುರ್ಗ ಮೊದಲ ಗುಂಪಿನದು. ಅವರದು ಏಪ್ರಿಲ್ 26ರಂದೇ ಮುಗಿದಿತ್ತು. ತಟ್ಟೆಯ ಪಕ್ಕದಲ್ಲಿ ಮೂವರೂ ಬೆರಳುಗಳನ್ನು ಜೋಡಿಸಿ ನೋಡಿದೆವು. ತಂಗಿಯ ಚರ್ಮದ ಮೇಲಿನ ಗೆರೆ ಹೋಗಿತ್ತು, ಉಗುರಿನ ಮೇಲಿನದು ಮಾತ್ರ ಕಂದು ಬಣ್ಣಕ್ಕೆ ತಿರುಗಿ, ಬುಡದಲ್ಲಿ ಅಕ್ಕಿಯ ನುಚ್ಚಿನಷ್ಟು ಹೊಸ ಉಗುರು ಬೆಳ್ಳಗೆ ಇಣುಕುತ್ತಿತ್ತು. ನಮ್ಮದು ಇನ್ನೂ ನೇರಳೆ ಬಣ್ಣ, ಬಿಸಿಲು ಬಿದ್ದ ಹಾಗೆಲ್ಲ ಕಪ್ಪಾಗುವ ಬಗೆಯದು. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟಿನ ಗುಣ ಅದು. ಇಡೀ ದೇಶಕ್ಕೆ ಅದನ್ನು ಮಾಡಿ ಕಳಿಸುವುದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆರಂಭವಾದ ಮೈಸೂರಿನ ಬಣ್ಣದ ಕಾರ್ಖಾನೆ. 1962ರ ಚುನಾವಣೆಯಿಂದ ಅವರದೇ ಶಾಯಿ. ಇದನ್ನು ನಾನು ಹೇಳಿದಾಗ ಅತ್ತೆ, “ಸಾಂಬಾರಿಗೆ ಹುಣಸೆಹಣ್ಣು ಕಿವುಚಿದ್ರೂ ಹೋಗಲ್ಲ ಅದು” ಎಂದು ತಮ್ಮ ಸಂಶೋಧನೆಯನ್ನೂ ಸೇರಿಸಿದರು.

ಆ ವರ್ಷ ಪಟ್ಟಿಯ ಪರಿಷ್ಕರಣೆ ನಡೆಯುವಾಗ ಅಂಗನವಾಡಿ ಟೀಚರ್ ಮತ್ತೆ ಬಂದರು. ಈ ಬಾರಿ ನಾನೇ ಮುಂದಾಗಿ ಫಾರಂ 8 ಕೇಳಿ ತೆಗೆದುಕೊಂಡು, ತಿದ್ದುಪಡಿಯ ಜಾಗದಲ್ಲಿ ಅತ್ತೆಯ ಹೆಸರನ್ನು ‘ವ್ವ’ ಎಂದು ಬರೆದೆ. ಅತ್ತೆ ಪಕ್ಕದಲ್ಲಿ ಕುಳಿತು, ಒತ್ತು ಸರಿಯಾಗಿ ಬಿದ್ದಿದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿದರು. ಟೀಚರ್ ಫಾರಂ ಓದಿ, ಇದಕ್ಕೆ ದಾಖಲೆ ಏನಿದೆ ಎಂದರು. ಆಧಾರ್ ತಂದುಕೊಟ್ಟೆ, ಅದರಲ್ಲಿ ‘ಮ್ಮ’. ರೇಷನ್ ಕಾರ್ಡಿನಲ್ಲಿ ‘ಮ್ಮ’. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ‘ಮ್ಮ’. ಒಂದನ್ನು ನೋಡಿ ಇನ್ನೊಂದನ್ನು ಮಾಡಿಸುತ್ತಾ ಬಂದದ್ದರಿಂದ, ಅಂದು ಬರೆದುಕೊಂಡು ಹೋದ ಪುಣ್ಯಾತ್ಮರ ‘ಮ್ಮ’ವೇ ಎಲ್ಲ ಕಡೆಗೂ ಇಳಿದುಬಂದಿತ್ತು. ಅತ್ತೆ ಶಾಲೆಗೆ ಹೋದವರಲ್ಲ, ಹುಟ್ಟಿದ್ದನ್ನು ಯಾರೂ ಬರೆಸಿರಲಿಲ್ಲ.

“ನಾನೇ ಹೇಳಾಕತ್ತೀನಲ್ಲ” ಎಂದರು ಅತ್ತೆ.

ಟೀಚರ್ ನನ್ನ ಮುಖ ನೋಡಿದರು. ತವರಿನಲ್ಲಿ ತಂದೆಯ ಹೆಸರಿನಲ್ಲಿದ್ದ ಜಮೀನಿನ ಹಳೆಯ ಕಾಗದಗಳಲ್ಲಿ ಹೆಣ್ಣುಮಕ್ಕಳ ಹೆಸರನ್ನೂ ಬರೆಸಿದ್ದ ನೆನಪು ಅತ್ತೆಗಿದೆ. ಅವರ ತಮ್ಮನ ಮಗನಿಗೆ ಫೋನ್ ಮಾಡಿದೆ. ಊರು ಇದ್ದಲ್ಲಿಯೇ ಇದ್ದರೂ ಅದರ ಜಿಲ್ಲೆ ಬಳ್ಳಾರಿಯಿಂದ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, ಈಗ ವಿಜಯನಗರಕ್ಕೆ ಎಂದು ಬದಲಾಗುತ್ತಾ ಬಂದಿದೆ. ಕಾಗದ ಯಾವ ಕಚೇರಿಯ ಯಾವ ಗಂಟಿನಲ್ಲಿದೆಯೋ ಹುಡುಕಿಸಬೇಕು, ಸುಗ್ಗಿ ಮುಗಿಯಲಿ ಎಂದಿದ್ದಾನೆ. ಫಾರಂ ಅಲ್ಮೆರಾದಲ್ಲಿದೆ.